ಅಕ್ಷರದ ಗುಂಡು, ಎಮ್ಮೆಯ ಗುಂಡು, ಬಳೆಗಾರರ ಗುಂಡು

ಚಳ್ಳಕೆರೆಯನ್ನು ನೋಡಲೆಂದೇ ರಜೆ ಹಾಕಿ ಬರುವವರು ಕಡಿಮೆ. ಶೇಂಗಾ ವ್ಯಾಪಾರಕ್ಕೆ ಬರುತ್ತಾರೆ, ಎಣ್ಣೆ ಗಿರಣಿಗಳ ಲೆಕ್ಕಪತ್ರಕ್ಕೆ ಬರುತ್ತಾರೆ, ಕಂಬಳಿ ಕೊಳ್ಳಲು ಬರುತ್ತಾರೆ. ಇಲ್ಲವೇ ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವ ಬಸ್ಸು ನಿಂತಾಗ ಇಳಿದು, ಒಂದು ಕಾಫಿ ಕುಡಿದು, ಬಿಸಿಲಿಗೆ ಬೈದು ಮತ್ತೆ ಹತ್ತುತ್ತಾರೆ. ಊರಿನವರು ಅಭಿಮಾನದಿಂದ ಇದನ್ನು ಎರಡನೇ ಬೊಂಬಾಯಿ ಎಂದು ಕರೆದುಕೊಂಡದ್ದೂ ಉಂಟು. ಆದರೆ ಅದು ದುಡ್ಡಿನ ಮಾತಾಯಿತೇ ಹೊರತು ನೋಟದ ಮಾತಲ್ಲ. ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರನ್ನೂ ಮುಟ್ಟದ ಸೀಮೆ ಇದು. ಎತ್ತ ನೋಡಿದರೂ ಕೆಂಪು ಮಸಾರಿ ನೆಲ, ಕುರಿಹಿಂಡು, ಜಾಲಿ, ದೂರದಲ್ಲಿ ಯಾರೋ ಸುರಿದು ಮರೆತುಹೋದಂತೆ ಬಿದ್ದಿರುವ ಬಂಡೆಗಳ ಗುಡ್ಡ.

ಇಂಥ ಕಡೆ ಹಳೆಯ ಗುಡಿಗಳನ್ನು ನೋಡಬೇಕೆಂದು ಮೈಸೂರಿನಿಂದ ಹೊರಟು ಬಂದವರು ನಿವೃತ್ತ ಬ್ಯಾಂಕ್ ನೌಕರರೊಬ್ಬರು. ಅವರನ್ನು ಕರೆಸಿಕೊಂಡವರು ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ವಿಶ್ರಾಂತರಾದ ಚರಿತ್ರೆಯ ಮೇಷ್ಟ್ರು. ಇಬ್ಬರೂ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಈ ವಯಸ್ಸಿನಲ್ಲೂ ಏಕವಚನ ಬಿಟ್ಟಿಲ್ಲ. ಮೈಸೂರಿನ ಗೆಳೆಯರು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಎಷ್ಟು ಸಲ ಸುತ್ತಿದ್ದಾರೋ ಅವರಿಗೇ ಲೆಕ್ಕವಿಲ್ಲ. ಎಲ್ಲಿ ಹೋದರೂ ಅವರ ಮೊದಲ ಪ್ರಶ್ನೆ ಒಂದೇ: "ಇದು ಎಷ್ಟು ಹಳೇದು?"

"ಇಲ್ಲಿ ಆ ಪ್ರಶ್ನೆ ಅಷ್ಟು ಸುಲಭ ಅಲ್ಲ ಮಾರಾಯ" ಎಂದು ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು.

ಮೊದಲ ದಿನ ಹಿಡಿದದ್ದು ನಾಯಕನಹಟ್ಟಿ ರಸ್ತೆ. ದಾರಿಯಲ್ಲಿ ಕುದಾಪುರದ ಹತ್ತಿರ ಬರುತ್ತಿದ್ದಂತೆ ಗೋಡೆಗಳು ಕಾಣತೊಡಗುತ್ತವೆ. ಒಂದು ಕಾಲಕ್ಕೆ ಇವೆಲ್ಲ ಅಮೃತ ಮಹಲ್ ಕಾವಲುಗಳು. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ಅರಮನೆಯ ರಾಸುಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳ ಪೈಕಿ ದೊಡ್ಡ ದೊಡ್ಡವು ಚಳ್ಳಕೆರೆ ಸೀಮೆಯಲ್ಲಿದ್ದವು. 2010ರ ಆಸುಪಾಸಿನಲ್ಲಿ ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರಗಳ ಸಾವಿರಾರು ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ, ಭಾರತೀಯ ವಿಜ್ಞಾನ ಸಂಸ್ಥೆ ಇವುಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೊಂದಕ್ಕೇ 4,290 ಎಕರೆ, ವಿಜ್ಞಾನ ಸಂಸ್ಥೆಗೆ 1,500 ಎಕರೆ. ಕುರಿ ದನ ಮೇಯಿಸುವವರು ಪ್ರತಿಭಟಿಸಿದರು, ಸಂಗತಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಗೋಡೆ ಮಾತ್ರ ಎದ್ದಿತು. ದೇಶಕ್ಕೆ ವಿಜ್ಞಾನ ಬೇಡವೆಂದು ಈ ಹಳ್ಳಿಗಳಲ್ಲಿ ಯಾರೂ ಹೇಳುವುದಿಲ್ಲ. ಹುಲ್ಲು ಬೇಡವೆಂದು ತೀರ್ಮಾನಿಸುವಾಗ ತಮ್ಮನ್ನು ಕೇಳಬಹುದಿತ್ತು ಎನ್ನುತ್ತಾರೆ, ಅಷ್ಟೆ.

ಗುಡಿ ನೋಡಲು ಹೊರಟವರಿಗೆ ಈ ಗೋಡೆಯ ಕಥೆ ಯಾಕೆ ಎಂದು ಗೆಳೆಯರಿಗೂ ಅನ್ನಿಸಿತು. ಸಂಜೆಯ ಹೊತ್ತಿಗೆ ಅದು ಅರ್ಥವಾಗಲಿತ್ತು.

ನಾಯಕನಹಟ್ಟಿ ಎಂದರೆ ತಿಪ್ಪೇರುದ್ರಸ್ವಾಮಿ. ಊರೊಳಗೆ ಒಳಮಠ, ಊರ ಹೊರಗೆ ಸ್ವಾಮಿಯ ಐಕ್ಯಸ್ಥಳವಾದ ಹೊರಮಠ. ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಭಕ್ತರು ನಂಬುವ ಈ ಸಂತರು ಹಟ್ಟಿಗೆ ಬಂದು ಮಾಡಿದ ಮುಖ್ಯ ಪವಾಡ ಯಾವುದೆಂದು ಕೇಳಿದರೆ ಜನ ತೋರಿಸುವುದು ಕೆರೆಗಳನ್ನು. ಕೆರೆ ಕಟ್ಟಿಸಿದರು, ಮಣ್ಣು ಹೊತ್ತವರಿಗೆ ಹೊತ್ತಷ್ಟೇ ಕೂಲಿ ಸಿಗುವಂತೆ ಮಾಡಿದರು ಎನ್ನುವ ಕಥೆ ಮಕ್ಕಳ ಬಾಯಲ್ಲೂ ಇದೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಅವರ ಮಾತನ್ನು ಲಾರಿಗಳ ಹಣೆಯ ಮೇಲೂ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆಯೂ ಓದಬಹುದು. ನೀರಿಲ್ಲದ ನಾಡಿನಲ್ಲಿ ದೇವರಾಗಬೇಕಾದರೆ ಮೊದಲು ಕೆರೆ ಕಟ್ಟಬೇಕು! ಫಾಲ್ಗುಣದ ತೇರಿಗೆ ಮಧ್ಯ ಕರ್ನಾಟಕವೆಲ್ಲ ಇಲ್ಲಿಗೆ ನುಗ್ಗುತ್ತದೆ. ಭಕ್ತರು ಕೊಬ್ಬರಿ ಸುಡುತ್ತಾರೆ. ತೇರಿನ ಮುಕ್ತಿ ಬಾವುಟವನ್ನು ಹರಾಜಿನಲ್ಲಿ ಕೂಗಿ ಪಡೆಯಲು ಪೈಪೋಟಿ ನಡೆಯುತ್ತದೆ. ತೇರಿಲ್ಲದ ದಿನ ಹೊರಮಠದ ಅಂಗಳ ವಿಶಾಲ, ತಂಪು. ಗೆಳೆಯರು ಪ್ರಶ್ನೆ ಕೇಳುವ ಮೊದಲೇ ಮೇಷ್ಟ್ರು "ನಾಯಕರ ಕಾಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಅಲ್ಲಿಂದ ಅವರು ಹೋದದ್ದು ರಸ್ತೆ ಬಿಟ್ಟು ಒಳಗಿದ್ದ ಒಂದು ಮ್ಯಾಸನಾಯಕರ ಹಟ್ಟಿಗೆ. ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರು ಹುಟ್ಟಾ ದನಗಾರರು. ಕೋಳಿ ಮುಟ್ಟುವುದಿಲ್ಲ, ಹೆಂಡ ಕುಡಿಯುವುದಿಲ್ಲ ಎಂಬುದು ಅವರ ಹಳೆಯ ಕಟ್ಟು. ಗಾದ್ರಿಪಾಲನಾಯಕನಂಥ ವೀರರು ಅವರಿಗೆ ದೇವರು. ಆ ದೇವರ ಹೆಸರಿನಲ್ಲಿ ಬಿಟ್ಟ ದನಗಳು ದೇವರ ಎತ್ತುಗಳು. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಹಿಂಡಿನ ಜೊತೆ ಹಗಲಿರುಳು ಇರುವವನು ಕಿಲಾರಿ.

ಹಟ್ಟಿಯ ಅಂಚಿನಲ್ಲಿ ಮುಳ್ಳಿನ ಬೇಲಿಯ ರೊಪ್ಪ, ಪಕ್ಕದಲ್ಲಿ ಒಂದು ಸಣ್ಣ ಗೂಡಿನಂಥ ಕಟ್ಟಡ. ನೆರಳಲ್ಲಿ ಒಬ್ಬ ಮುದುಕ ಹಗ್ಗ ಹೊಸೆಯುತ್ತಿದ್ದ.

"ಎಲ್ಲಿಂದ ಬಂದ್ರಿ ಸ್ವಾಮೀ?"

"ಚಳ್ಳಕೆರೆಯಿಂದ ಯಜಮಾನ್ರೇ. ಇವರು ಮೈಸೂರಿನೋರು. ದೇವರ ನೋಡಾಕೆ ಬಂದ್ರು."

ಮುದುಕ ಕೈಯನ್ನು ಹಣೆಗೆ ಮರೆಮಾಡಿ ಹೊರಗಿನ ಬಯಲನ್ನು ನೋಡಿದ. "ದೇವ್ರು ಮೇಯಾಕೆ ಹೋಗೈತಲ್ಲ ಸ್ವಾಮಿ. ಸಂಜೀಕೆ ಬತ್ತೈತೆ, ಕುಂತ್ಕಳಿ."

ಗೆಳೆಯರು ಇದನ್ನು ತಮಾಷೆ ಎಂದುಕೊಂಡು ನಕ್ಕರು. ಮುದುಕ ನಗಲಿಲ್ಲ. ಅವನು ಹೇಳಿದ್ದು ಸಮಾಚಾರ. ಸೂರ್ಯ ಇಳಿಯುವ ಹೊತ್ತಿಗೆ ದೂಳೆಬ್ಬಿಸಿಕೊಂಡು ಬಿಳಿಯ ದನಗಳು ಬಂದವು. ಎಲುಬು ಎಣಿಸುವಂತಿದ್ದವು ಕೆಲವು. ಹೆಂಗಸರು ಮಕ್ಕಳು ದಾರಿ ಬಿಟ್ಟು ನಿಂತರು. ಒಬ್ಬಾಕೆ ಸೆರಗು ಹೊದ್ದು ಕೈಮುಗಿದಳು. ಮೊದಲು ಎಷ್ಟಿದ್ದವು ಎಂದು ಮೇಷ್ಟ್ರು ಕೇಳಿದ್ದಕ್ಕೆ ಮುದುಕ ಸಂಖ್ಯೆ ಹೇಳಲಿಲ್ಲ. "ಮುಂದ್ಲವು ರೊಪ್ಪದಾಗಿದ್ರೆ ಹಿಂದ್ಲವು ಕಣ್ಣಿಗೆ ಕಾಣ್ತಿರಲಿಲ್ಲ" ಎಂದ. ಬರಗಾಲದ ವರ್ಷಗಳಲ್ಲಿ ಸರ್ಕಾರ ಗೋಶಾಲೆ ತೆರೆಯುತ್ತದೆ, ಪುಣ್ಯವಂತರು ಮೇವಿನ ಲಾರಿ ಕಳಿಸುತ್ತಾರೆ. ಆದರೆ ದೇವರು ಎಷ್ಟು ದಿನ ಅಂತ ದಾನದ ಹುಲ್ಲು ತಿಂದಾನು? ಕುದಾಪುರದ ಗೋಡೆಯನ್ನು ಮೇಷ್ಟ್ರು ಬೆಳಿಗ್ಗೆ ಯಾಕೆ ತೋರಿಸಿದರು ಎಂದು ಗೆಳೆಯರಿಗೆ ಆಗ ಗೊತ್ತಾಯಿತು. ಇಲ್ಲಿಯ ಗುಡಿಗೆ ಹುಲ್ಲುಗಾವಲೇ ಪ್ರಾಕಾರ. ಗರ್ಭಗುಡಿಯನ್ನು ಉಳಿಸಿ ಪ್ರಾಕಾರವನ್ನು ಕಿತ್ತುಕೊಂಡರೆ ದೇವರು ನಿಲ್ಲುವುದೆಲ್ಲಿ?

"ಇದು ಎಷ್ಟು ಹಳೇದು?" ಎಂದು ಅವರು ಕೇಳಲೇ ಇಲ್ಲ. ಕೇಳಿದ್ದರೂ ಉತ್ತರವಿರಲಿಲ್ಲ. ಒಂದೊಂದು ಎತ್ತಿಗೆ ವಯಸ್ಸು ಹೇಳಬಹುದು, ಹಿಂಡಿಗೆ ಹೇಳುವವರು ಯಾರು?

ಕಲ್ಲಿಲ್ಲದ ಗುಡಿಗಳು ಈ ಕಡೆ ಇನ್ನೂ ಇವೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಕ್ಯಾತೇದೇವರ ಜಾತ್ರೆಯಲ್ಲಿ ಕಾಡುಗೊಲ್ಲರು ಕಾರೆಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ಬರಿಗಾಲಿನ ಗಂಡಾಳುಗಳು ಆ ಮುಳ್ಳಿನ ರಾಶಿ ಏರಿ ತುದಿಯ ಕಳಸ ಕೀಳುತ್ತಾರೆ. ಜಾತ್ರೆ ಮುಗಿದರೆ ಗುಡಿಯೂ ಮುಗಿಯಿತು. ಮುಂದಿನ ಸಲ ಮತ್ತೆ ಹೊಸ ಮುಳ್ಳು, ಅದೇ ಹಳೆಯ ಗುಡಿ. ಇದೇ ಸಮುದಾಯದ, ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಬರೆದುಕೊಳ್ಳುವವರೆಗೆ ಅವಕ್ಕೂ ಕಲ್ಲು-ಕಾಗದದ ಹಂಗಿರಲಿಲ್ಲ.

ನಾಯಕನಹಟ್ಟಿ ಕಡೆಯಿಂದ ತಳಕಿಗೆ ಬಂದರೆ ಮತ್ತೆ ಬಳ್ಳಾರಿ ರಸ್ತೆ. ತಳುಕಿನ ವೆಂಕಣ್ಣಯ್ಯನವರ, ತ.ರಾ.ಸು. ಅವರ ಮನೆತನದ ಊರಿದು. ಬಸ್ಸಿನಲ್ಲಿ ಕೂತೇ ನಮಸ್ಕಾರ ಹೇಳಿ ಗೆಳೆಯರು ಮುಂದೆ ಹೋದರು. ಗೌರಸಮುದ್ರದ ಮಾರಮ್ಮನ ಕಡೆಗೂ ಇಲ್ಲಿಂದಲೇ ದಾರಿ. ಆ ತಾಯಿಗೆ ಜಾತ್ರೆಯಲ್ಲಿ ಭಕ್ತರು ಈರುಳ್ಳಿ ಎಸೆಯುತ್ತಾರೆ. ಹೂವೆಸೆಯುವ ದೇವರುಗಳಿಗೆ ಒಗ್ಗಿಹೋದ ಮೈಸೂರಿನವರಿಗೆ ಇದು ವಿಚಿತ್ರವಾಗಿ ಕಂಡರೂ, ಹೊಲದಲ್ಲಿ ಬೆಳೆದದ್ದನ್ನು ಬಿಟ್ಟು ಬೇರೇನನ್ನು ಕೊಡಬೇಕು? ಬಿ.ಜಿ. ಕೆರೆ ಎಂದು ಬೋರ್ಡು ಹಾಕಿಕೊಂಡ ಬೊಮ್ಮಗೊಂಡನಕೆರೆ, ಹಾನಗಲ್ಲು ದಾಟಿ ಮೊಳಕಾಲ್ಮೂರು ಸೇರುವಾಗ ಕತ್ತಲಾಗಿತ್ತು.

ಮೊಳಕಾಲ್ಮೂರು ಬಂಡೆಗಳ ತೊಟ್ಟಿಲಲ್ಲಿ ಮಲಗಿದ ಊರು. ಬೆನ್ನಿಗೆ ಕೋಟೆ ಇರುವ ಗುಡ್ಡ, ಆಚೆ ನುಂಕೆಭೈರವನ ಮಲೆ, ಇನ್ನೂ ಆಚೆ ಆಂಧ್ರದ ರಾಯದುರ್ಗ. ಬೀದಿಗಳಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಮತ್ತೊಂದು ಸದ್ದು ಮಗ್ಗದ್ದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಲ್ಲಿಯ ರೇಷ್ಮೆ ಸೀರೆಗೆ ದೂರದೂರಿನಿಂದ ಗಿರಾಕಿಗಳುಂಟು.

ಮರುದಿನದ ಯಾತ್ರೆ ಅಶೋಕ ಸಿದ್ದಾಪುರಕ್ಕೆ. ಹೆದ್ದಾರಿಯಿಂದ ಒಳಕ್ಕೆ ತಿರುಗಿ ಚಿನ್ನಹಗರಿಯ ಬಯಲಿನ ಕಡೆಗೆ ಸಾಗಿದರೆ ಬ್ರಹ್ಮಗಿರಿ ಎದುರಾಗುತ್ತದೆ. ಇಂದಿಗೆ ಸುಮಾರು 2,270 ವರ್ಷಗಳ ಹಿಂದೆ ಮೌರ್ಯ ಸಾಮ್ರಾಜ್ಯದ ಒಂದು ಆಡಳಿತ ಕೇಂದ್ರ ಇಲ್ಲಿತ್ತು. ಹೆಸರು ಇಸಿಲ. ಈ ಸುತ್ತಿನಲ್ಲಿ, ಒಂದರಿಂದೊಂದು ಕೆಲವೇ ಮೈಲಿ ದೂರದಲ್ಲಿ, ಅಶೋಕನ ಶಾಸನದ ಮೂರು ಪ್ರತಿಗಳಿವೆ: ಬ್ರಹ್ಮಗಿರಿಯಲ್ಲೊಂದು, ಸಿದ್ದಾಪುರದಲ್ಲೊಂದು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೊಂದು. ಮೂರನ್ನೂ 1892ರಲ್ಲಿ ಲೋಕಕ್ಕೆ ತಿಳಿಸಿದವರು ಮೈಸೂರಿನ ಶಾಸನ ವಿದ್ವಾಂಸ ಬಿ.ಎಲ್. ರೈಸ್. ಜೇಮ್ಸ್ ಪ್ರಿನ್ಸೆಪ್ ಎಂಬಾತ ಬ್ರಾಹ್ಮೀ ಲಿಪಿಯ ಗುಟ್ಟು ಬಿಡಿಸಿದ್ದು 1837ರಲ್ಲಿ. ರೈಸ್ ಬೆಂಗಳೂರಿನಲ್ಲಿ ಹುಟ್ಟಿದ್ದೂ ಅದೇ ವರ್ಷ. ಕಾಕತಾಳೀಯವೇ ಇರಬಹುದು, ಮೇಷ್ಟ್ರುಗಳು ಇಂಥದ್ದನ್ನು ಬಿಟ್ಟುಕೊಡುವುದಿಲ್ಲ.

ಬ್ರಹ್ಮಗಿರಿಯ ಬುಡದಲ್ಲಿ ಶಾಸನವಿರುವ ಬಂಡೆಯನ್ನು ನೋಡಿ ಗೆಳೆಯರ ಮುಖ ಸಪ್ಪಗಾಯಿತು. ಸ್ತಂಭವಿಲ್ಲ, ಸಿಂಹವಿಲ್ಲ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಒರಟು ಬಂಡೆ, ಅದರ ಮೈಮೇಲೆ ಅಂಕುಡೊಂಕಾದ ಸಾಲುಗಳು. ಸೊನ್ನೆ, ಗೀಟು, ಶಿಲುಬೆ, ಕೊಕ್ಕೆಗಳಂತೆ ಕಾಣುವ ಅಕ್ಷರ.

"ಇಷ್ಟೇನೇನೋ?"

"ಇಷ್ಟೇ. ಓದಿ ಹೇಳ್ತೀನಿ, ಕೂತ್ಕೋ."

ಶಾಸನ ಶುರುವಾಗುವುದು ಧರ್ಮೋಪದೇಶದಿಂದ ಅಲ್ಲ, ಕ್ಷೇಮ ಸಮಾಚಾರದಿಂದ! ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ದೇವಾನಾಂಪ್ರಿಯನ ಅಪ್ಪಣೆಯನ್ನು ತಿಳಿಸುತ್ತಾರೆ. ಮೇಲಿನ ಕಛೇರಿಯಿಂದ ಕೆಳಗಿನ ಕಛೇರಿಗೆ ಬಂದ ಕಾಗದವನ್ನು, ಮೇಲುಗಡೆಯ ಒಕ್ಕಣೆಯೂ ಬಿಡದೆ ಕಲ್ಲಿಗೆ ಇಳಿಸಿದ್ದಾರೆ. ಬ್ಯಾಂಕಿನಲ್ಲಿ ಮೂರು ದಶಕ ಸುತ್ತೋಲೆ ಓದಿದ ಗೆಳೆಯರು ಇಲ್ಲಿ ಚುರುಕಾದರು. "ಹೆಡ್ಡಾಫೀಸ್ ಸರ್ಕ್ಯುಲರ್!" ಎಂದರು.

ಸರ್ಕ್ಯುಲರ್ ಹೌದು, ಆದರೆ ಅದರೊಳಗಿನ ಮಾತು ಸುತ್ತೋಲೆಗಳಲ್ಲಿ ಸಿಗುವಂಥದ್ದಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಹೆಚ್ಚಿನ ಶ್ರಮವಹಿಸಲಿಲ್ಲ, ಸಂಘವನ್ನು ಸೇರಿಕೊಂಡ ಮೇಲೆ ಶ್ರಮಿಸುತ್ತಿದ್ದೇನೆ ಎಂದು ಭರತಖಂಡದ ಬಹುಭಾಗವನ್ನು ಆಳಿದ ದೊರೆ ಹೇಳಿಕೊಳ್ಳುತ್ತಾನೆ. ಈ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಪಟ್ಟರೆ ಸಣ್ಣವನಿಗೂ ಸ್ವರ್ಗ ಸಿಗುತ್ತದೆ ಎನ್ನುತ್ತಾನೆ. ಮುಂದೆ ತಂದೆತಾಯಿಗಳ, ಹಿರಿಯರ ಸೇವೆ, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಶಿಷ್ಯ ಗುರುವನ್ನು ಗೌರವಿಸುವುದು, ನೆಂಟರಿಷ್ಟರೊಡನೆ ತಕ್ಕಂತೆ ನಡೆದುಕೊಳ್ಳುವುದು ಇವುಗಳ ಮಾತು ಬರುತ್ತದೆ. ಇದು ತಾನು ಕಂಡುಹಿಡಿದ ಹೊಸ ಧರ್ಮವೆಂದು ದೊರೆ ಹೇಳುವುದಿಲ್ಲ. ಹಳೆಯ ಕಾಲದಿಂದ ಬಂದ ನಡವಳಿಕೆ, ಆಯುಷ್ಯಕ್ಕೆ ಒಳ್ಳೆಯದು ಎನ್ನುತ್ತಾನೆ.

ಕೊನೆಯಲ್ಲಿ ಲಿಪಿಕಾರನ ರುಜು ಇದೆ. ಹೆಸರು ಚಪಡ. 'ಲಿಪಿಕಾರನಿಂದ' ಎಂಬ ಒಂದು ಪದವನ್ನು ಮಾತ್ರ ಆತ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಬಲದಿಂದ ಎಡಕ್ಕೆ ಸಾಗುವ, ಗಾಂಧಾರದ ಕಡೆ ಬಳಕೆಯಲ್ಲಿದ್ದ ಲಿಪಿ. ಮೊಳಕಾಲ್ಮೂರಿನಲ್ಲಿ ಆಗ ಅದನ್ನು ಓದುವವರು ಯಾರಿದ್ದಾರು? ಯಾರೂ ಓದಲಾರರೆಂದು ಗೊತ್ತಿದ್ದೇ ಬರೆದಂತಿದೆ. ವಾಯವ್ಯದ ಆ ಲಿಪಿಯನ್ನು ಕಲಿತಿದ್ದ ಗುಮಾಸ್ತನೊಬ್ಬ, ದೊರೆಯ ಮಾತನ್ನೆಲ್ಲ ಅಚ್ಚುಕಟ್ಟಾಗಿ ಮುಗಿಸಿದ ಮೇಲೆ ಒಂದು ಪದದಷ್ಟು ಜಾಗವನ್ನು ತನಗೆಂದು ಇಟ್ಟುಕೊಂಡ. ಈ ಶಾಸನಗಳಲ್ಲಿ ಅಶೋಕನ ಹೆಸರೇ ಇಲ್ಲ. ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಆ ಬಿರುದಿನೊಡನೆ ಅಶೋಕ ಎಂಬ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹೀಗೆ ಬ್ರಹ್ಮಗಿರಿಯ ಬಂಡೆಯ ಮೇಲೆ ಚಕ್ರವರ್ತಿಯ ಸ್ವಂತ ಹೆಸರಿಲ್ಲ, ಗುಮಾಸ್ತನ ಹೆಸರಿದೆ.

ಅಶೋಕನೂ ಚಪಡನೂ ಹೋದ ಮೇಲೆ ಶತಮಾನಗಳು ಉರುಳಿ ಲಿಪಿ ಮರೆತುಹೋಯಿತು. ಆದರೆ ಬಂಡೆ ಊರಿನಲ್ಲೇ ಇತ್ತು. ಜನ ಅದನ್ನು ಅಕ್ಷರಗುಂಡು ಎಂದು ಕರೆದರು. ಓದಲು ಬಾರದಿದ್ದರೂ ಅದು ಅಕ್ಷರ ಎಂಬುದು ಗೊತ್ತಿತ್ತು. ಬಂಡೆಗೆ ನೀರು ಹೊಯ್ದು ಆ ನೀರನ್ನು ಮದ್ದಾಗಿ ಬಳಸುತ್ತಿದ್ದರೆಂಬ ಮಾತೂ ಇದೆ. ಜೀವಿಗಳಿಗೆ ದಯೆ ತೋರಿ ಎಂದು ಬರೆದ ಕಲ್ಲು ಒಂದಲ್ಲ ಒಂದು ರೀತಿಯಲ್ಲಿ ತನ್ನ ಕೆಲಸ ಮಾಡುತ್ತಲೇ ಇತ್ತು ಎನ್ನಬೇಕು.

ಎರಡನೆಯದು ಸಿದ್ದಾಪುರದ ಬಂಡೆ. ಅದಕ್ಕೆ ಎಮ್ಮೆ ತಮ್ಮಣ್ಣನ ಗುಂಡು ಎಂದು ಹೆಸರು. ಯಾರೋ ಎಮ್ಮೆ ಕಾಯುವ ತಮ್ಮಣ್ಣ, ಈ ಬಂಡೆಯ ನೆರಳಿನಲ್ಲಿ ಎಷ್ಟು ಮಧ್ಯಾಹ್ನ ಕಳೆದನೋ, ಮಗಧದ ಮಹಾರಾಜನ ಕಲ್ಲು ಅವನ ಹೆಸರಿಗಾಯಿತು. ಶಾಸನವೂ ಅಲ್ಲಲ್ಲಿ ಸವೆದಿದೆ, ಒಕ್ಕಣೆ ಬ್ರಹ್ಮಗಿರಿಯದೇ. ಸುತ್ತಲಿನ ಬಯಲಿನಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ, ಕಲ್ಲುಕೊಡಲಿ ಹಿಡಿದವರು, ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಗಳ ಜನ, ಅವರ ಮೇಲೆ ಶಾತವಾಹನರ ಕಾಲದವರು ಹೀಗೆ ಒಂದರ ಮೇಲೊಂದು ಬಾಳಿದ ಪದರಗಳು ಸಿಕ್ಕವು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ದೊರೆತಂಥದೇ ಮಡಕೆಯ ಚೂರುಗಳು ಇಲ್ಲೂ ದೊರೆತು, ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಗೆ ಆಧಾರವಾದವು. ಪುರಾತತ್ವ ಓದುವ ಹುಡುಗರು ಇಂದಿಗೂ ಬ್ರಹ್ಮಗಿರಿಯ ಹೆಸರು ಬಾಯಿಪಾಠ ಮಾಡುತ್ತಾರೆ. ಬಂದು ನೋಡುವವರು ವಿರಳ. ನೋಡಲು ಬಂದವರಿಗೂ ಕಾಣುವುದು ಹೊಲ, ಕಲ್ಲುಚಪ್ಪಡಿ, ಮೇಯುವ ಆಡು.

ಮೂರನೆಯದಕ್ಕೆ ಬೆಟ್ಟ ಹತ್ತಬೇಕು. ಜಟಿಂಗ ರಾಮೇಶ್ವರ ಈ ಸೀಮೆಯ ಎತ್ತರದ ಬೆಟ್ಟಗಳಲ್ಲೊಂದು. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದು, ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಇಲ್ಲೇ ಎಂದು ಸ್ಥಳಪುರಾಣ. ಜನರ ಬಾಯಲ್ಲಿ ರಾವಣ ಬಂದದ್ದು ಪುಷ್ಪಕ ವಿಮಾನದಲ್ಲಿ. 2024ರ ಮಾರ್ಚ್ 22ರಂದು ಇದೇ ಚಳ್ಳಕೆರೆ ಸೀಮೆಯ ಪರೀಕ್ಷಾ ನೆಲೆಯಲ್ಲಿ, ಹೆಲಿಕಾಪ್ಟರಿನಿಂದ ಆಕಾಶದಲ್ಲಿ ಬಿಟ್ಟ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ತಾನೇ ದಾರಿ ಹುಡುಕಿಕೊಂಡು ಓಡುಹಾದಿಯ ಮೇಲೆ ಇಳಿಯಿತು. ಅದಕ್ಕೂ ಇಟ್ಟ ಹೆಸರು ಪುಷ್ಪಕ್! ಹೆಸರಿಟ್ಟವರಿಗೆ ಜಟಿಂಗ ರಾಮೇಶ್ವರ ಗೊತ್ತಿತ್ತೋ ಇಲ್ಲವೋ, ಮೇಷ್ಟ್ರು ಮಾತ್ರ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಮೆಟ್ಟಿಲು ಹತ್ತುತ್ತ ಗೆಳೆಯರಿಬ್ಬರೂ ನಾಲ್ಕಾರು ಕಡೆ ಕೂತರು. ಕೆಳಗೆ ಬಯಲು ತೆರೆದುಕೊಳ್ಳುತ್ತ ಹೋಯಿತು. ಚಿನ್ನಹಗರಿಯ ಮರಳು, ಹಸಿರು ತೇಪೆಯಂತೆ ಅಲ್ಲಲ್ಲಿ ನೀರಾವರಿ, ಉಳಿದದ್ದೆಲ್ಲ ಕೆಂಪು. ಮೇಲೆ ರಾಮೇಶ್ವರನ ಗುಡಿ. ಚಾಲುಕ್ಯರ ಕಾಲದ ಶಾಸನಗಳಿರುವ, ಗೆಳೆಯರ ಪ್ರಶ್ನೆಗೆ ನೆಟ್ಟಗೆ ಉತ್ತರ ಸಿಗುವ ಗುಡಿ ಈ ಎರಡು ದಿನದಲ್ಲಿ ಇದೊಂದೇ. ಅವರು ಪ್ರದಕ್ಷಿಣೆ ಹಾಕಿ, ಕಂಬ ಮುಟ್ಟಿ ನೋಡಿ ಸಮಾಧಾನಪಟ್ಟರು.

ಅಶೋಕನ ಶಾಸನ ಇರುವುದು ಗುಡಿಯೊಳಗಲ್ಲ, ಹೊರಗೆ, ಜನ ಓಡಾಡುವ ಬಂಡೆಯ ಮೇಲೆ. ಮೂರು ಪ್ರತಿಗಳಲ್ಲಿ ಅತ್ಯಂತ ಹಾಳಾದದ್ದು ಇದು. ಅಲ್ಲೊಂದು ಇಲ್ಲೊಂದು ಅಕ್ಷರ ಹೊರತು ಬರಿಗಣ್ಣಿಗೆ ಹೆಚ್ಚೇನೂ ಕಾಣುವುದಿಲ್ಲ. ಯಾರು ಹಾಳು ಮಾಡಿದರು? ದಂಡೆತ್ತಿ ಬಂದವರಲ್ಲ, ನಿಧಿ ಹುಡುಕುವವರೂ ಅಲ್ಲ. ಈ ಕಲ್ಲಿನ ಹೆಸರು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಇಲ್ಲಿ. ಚಪ್ಪರದ ಗೂಟ ನೆಡಲು ಬಂಡೆಯಲ್ಲಿ ಕುಳಿ ತೋಡಿದ್ದಾರೆ. ತಲೆತಲಾಂತರದಿಂದ ಹೆಂಗಸರು ಇಲ್ಲಿ ಕುಕ್ಕುರುಗಾಲಲ್ಲಿ ಕೂತು ಕೈ ಚಾಚಿದ್ದಾರೆ, ಬಳೆಗಾರ ಮಂಡಿಯೂರಿ ಬಳೆ ಏರಿಸಿದ್ದಾನೆ, ಮಕ್ಕಳು ಹಠ ಮಾಡಿ ಹೊರಳಾಡಿದ್ದಾರೆ. ಅಷ್ಟು ಕಾಲು, ಅಷ್ಟು ಮಂಡಿ, ಅಷ್ಟು ಸೀರೆಯಂಚು ತೀಡಿ ತೀಡಿ ದೇವಾನಾಂಪ್ರಿಯನ ಅಪ್ಪಣೆ ಅಳಿಸಿತು.

"ಛೆ, ಎಂಥಾ ನಷ್ಟ!" ಎಂದರು ಗೆಳೆಯರು.

ಮೇಷ್ಟ್ರು ತಕ್ಷಣ ಏನೂ ಅನ್ನಲಿಲ್ಲ. ನಷ್ಟವೇ, ಅದರಲ್ಲಿ ಅನುಮಾನವಿಲ್ಲ. ಮೂರು ಪ್ರತಿಯಲ್ಲಿ ಒಂದು ಹೋಗಿದೆ. ಉಳಿದೆರಡನ್ನು ಪುರಾತತ್ವ ಇಲಾಖೆ ಕಾಪಾಡುತ್ತಿರುವುದು ಸರಿಯಾದ ಕೆಲಸ. ಆದರೂ ಮೂರು ಹೆಸರುಗಳನ್ನು ಒಟ್ಟಿಗೆ ಹೇಳಿಕೊಂಡು ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಅಕ್ಷರ, ಎಮ್ಮೆ, ಬಳೆ. ಓದಲಾರದ ಕಲ್ಲನ್ನು ಒಡೆದು ಮೆಟ್ಟಿಲಿಗೆ ಹಾಕಿಕೊಳ್ಳಬಹುದಿತ್ತು, ಕೆರೆ ಏರಿಗೆ ಸಾಗಿಸಬಹುದಿತ್ತು. ಹಾಗೆ ಮಾಡದೆ, ತಮಗೆ ಬೇಕಾದ ಯಾವುದಾದರೊಂದು ಕೆಲಸಕ್ಕೆ ಅದನ್ನು ಹಚ್ಚಿಕೊಂಡು, ತಮ್ಮದೇ ಹೆಸರಿಟ್ಟು, ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಿಂತಲ್ಲೇ ನಿಲ್ಲಿಸಿದರು. ಸವೆಸಿದವರೂ ಅವರೇ, ಉಳಿಸಿದವರೂ ಅವರೇ. ಹಿಂದಿನ ದಿನದ ಮುದುಕನ ಹಿಂಡಿಗೆ ಅಂಥ ಯಾವ ಇಲಾಖೆಯ ಬೋರ್ಡೂ ಇಲ್ಲ. ಮೇಯುವ ನೆಲ ಇದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಚಪ್ಪಡಿಯ ಮೇಲೆ ಒಂದು ಕುಳಿಯೂ ಉಳಿಯದೆ ಹೋಗುತ್ತದೆ.

ಹೋಗಬೇಕೆನ್ನುವವರು ನೀರು ಒಯ್ಯಬೇಕು, ಬೆಳಗಿನ ತಂಪಿನಲ್ಲೇ ಬೆಟ್ಟ ಹತ್ತಬೇಕು. ರಾಂಪುರದಿಂದಲೋ ಮೊಳಕಾಲ್ಮೂರಿನಿಂದಲೋ ಆಟೋ ಮಾತಾಡಿಕೊಂಡು ಹೋಗುವುದು ಅನುಕೂಲ. ಜೊತೆಗೆ ಒಬ್ಬರಿದ್ದರೆ ಇನ್ನೂ ಒಳ್ಳೆಯದು, ಬಂಡೆಯ ಮೇಲಿನ ಗೀಟುಗಳನ್ನು ತೋರಿಸಿ "ಇದು 'ಕ', ಇದು 'ಮ'" ಎಂದು ಜಗಳವಾಡಲು.

ಇಳಿಯುವ ಮುಂಚೆ ಗೆಳೆಯರು ಚಪ್ಪರದ ಕುಳಿಯೊಂದಕ್ಕೆ ಬೆರಳು ಇಳಿಬಿಟ್ಟು ಆಳ ನೋಡಿದರು. ತಳದಲ್ಲಿ ಮಣ್ಣು, ಒಣಗಿದ ಎಲೆ.

"ಇದು ಎಷ್ಟು ಹಳೇದೋ?"

"ಯಾವುದು, ಶಾಸನಾನಾ?"

"ಅದಲ್ಲಯ್ಯ. ಬಳೆ ಅಂಗಡಿ."